ರಘು ದೀಕ್ಷಿತ್ ಅವರ ಮೊದಲ ಆಲ್ಬಂ: ಹದಿನಾರರಲ್ಲಿ ಕೇಳಿದ್ದು, ಈಗ ಕೇಳಿಸಿದ್ದು

2008ರಲ್ಲಿ ಬಿಡುಗಡೆಯಾದ, ಗಾಯಕ ರಘು ದೀಕ್ಷಿತ್ ಅವರ ಬ್ಯಾಂಡ್ ಆದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂನ ಸಿ.ಡಿ.ಯನ್ನು ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯೊಂದರಲ್ಲಿ ಕೊಂಡಾಗ ನನಗೆ ಹದಿನಾರು ವರ್ಷ. ಪಿಯುಸಿಗೆ ಆಗಷ್ಟೇ ಸೇರಿದ್ದೆ. ಈ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮೂರು ದಿನ ಬಿಡದೆ ಮಳೆ ಹಿಡಿದಾಗ ಅದೇ ಆಲ್ಬಂ ಅನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಕೇಳಿದೆ. ಅಂದು ಹಗಲೂ ರಾತ್ರಿ ಗುನುಗುತ್ತಿದ್ದ ಹಾಡುಗಳು ಈಗ ಹಿಂದೆ ಸರಿದಿವೆ. ಅಂದು ಕೇಳದೆ ದಾಟಿಸಿಬಿಡುತ್ತಿದ್ದ ಒಂದು ಹಾಡು ಇಡೀ ಆಲ್ಬಂನ ತೊಲೆಯಾಗಿ ನಿಂತಿದೆ.

ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತ ರಘು ದೀಕ್ಷಿತ್ ಇದಕ್ಕೂ ಮುಂಚೆ ‘ಅಂತರಾಗ್ನಿ’ ಎಂಬ ಬ್ಯಾಂಡ್ ಕಟ್ಟಿದ್ದರು. ಈ ಆಲ್ಬಂ ಅನ್ನು ಹೊರತಂದದ್ದು ಮುಂಬೈನ ಸಂಗೀತ ನಿರ್ದೇಶಕರ ಜೋಡಿ ವಿಶಾಲ್–ಶೇಖರ್, ತಮ್ಮದೇ ಲೇಬಲ್ ಮೂಲಕ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಂದೇ ತಟ್ಟೆಯಲ್ಲಿದ್ದವು. ಕನ್ನಡದ ಹಾಡೆಂದರೆ ಒಂದೋ ಸಿನಿಮಾದ್ದು, ಇಲ್ಲವೇ ಅಪ್ಪ ಭಾನುವಾರ ಬೆಳಿಗ್ಗೆ ಹಾಕುವ ಭಾವಗೀತೆಯ ಕ್ಯಾಸೆಟ್ಟು ಎಂದು ತಿಳಿದಿದ್ದ ನನಗೆ, ಗಿಟಾರು, ಪಿಟೀಲು, ಡ್ರಮ್ಸ್‌ಗಳ ನಡುವೆ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಶಿಶುನಾಳ ಶರೀಫರ ಪದ ಹಾಡುವ ಗಾಯಕನೊಬ್ಬ ಇದ್ದಾನೆ ಎಂಬುದೇ ದೊಡ್ಡ ಸುದ್ದಿಯಾಗಿತ್ತು.

‘ಗುಡುಗುಡಿಯ ಸೇದಿ ನೋಡೋ’ ಹಾಡನ್ನು ನಾವು ಸ್ನೇಹಿತರು ಶಿವಮೊಗ್ಗದಿಂದ ಊರಿಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ, ಗಾಜನೂರು ದಾಟಿ ಮಂಡಗದ್ದೆ ಬರುವವರೆಗೂ, ಒಂದೇ ಇಯರ್‌ಫೋನ್ ಹಂಚಿಕೊಂಡು ಕೇಳಿದ್ದೇವೆ. ಹುಕ್ಕಾ ಸೇದುವ ಹಾಡೆಂದೇ ನಮ್ಮ ಸಂಭ್ರಮ. ಮನಸ್ಸೆಂಬ ಸಂಚಿಯನ್ನು ಬಿಚ್ಚಿ, ಮೋಹವನ್ನು ಭಂಗಿಯ ಹಾಗೆ ಕೊಚ್ಚಿ ಸುಟ್ಟುಬಿಡು ಎಂದು ಶರೀಫರು ಹೇಳುತ್ತಿದ್ದಾರೆಂಬುದು ಆಗ ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ. ಇದರಲ್ಲಿ ತಾಳವಾದ್ಯದ ಪಾಲೂ ಇದೆ ಎಂದು ಈಗ ಅನ್ನಿಸುತ್ತದೆ. ಸಿ. ಅಶ್ವಥ್ ಅಥವಾ ನಮ್ಮ ಜಿಲ್ಲೆಯವರೇ ಆದ ಶಿವಮೊಗ್ಗ ಸುಬ್ಬಣ್ಣ ಶರೀಫರನ್ನು ಹಾಡುವಾಗ ಮಾತು ಮುಂದೆ ನಡೆಯುತ್ತದೆ, ವಾದ್ಯ ಅದರ ಹಿಂದೆ ಬರುತ್ತದೆ. ಇಲ್ಲಿ ಕುಣಿತವೇ ಮುಂದು. ಆ ಕುಣಿತ ಇಲ್ಲದಿದ್ದರೆ ಹದಿನಾರರ ನಾನು ಶರೀಫರ ಹತ್ತಿರ ಸುಳಿಯುತ್ತಲೇ ಇರಲಿಲ್ಲವಾದ್ದರಿಂದ, ಅದನ್ನು ಕೊರತೆ ಎನ್ನಲು ನನಗೆ ಮನಸ್ಸಿಲ್ಲ.

ಆಗ ದಾಟಿಸಿಬಿಡುತ್ತಿದ್ದುದು ‘ಸೋರುತಿಹುದು ಮನಿಯ ಮಾಳಿಗಿ’. ಅಶ್ವಥ್ ಅವರ ಸಂಗೀತದ ‘ಸಂತ ಶಿಶುನಾಳ ಶರೀಫ’ ಸಿನಿಮಾ 1990ರಲ್ಲೇ ಬಂದು, ಅದರ ಕ್ಯಾಸೆಟ್ಟು ನಮ್ಮ ಮನೆಯಲ್ಲಿ ಸವೆದುಹೋಗಿತ್ತು. ಅಪ್ಪನ ಹಾಡನ್ನು ನಾನೇಕೆ ಕೇಳಲಿ ಎಂಬ ಹಟ ನನ್ನದು. “ಶರೀಫಜ್ಜನ ಪದಕ್ಕೆ ಗಿಟಾರು ಯಾಕೋ?” ಎಂಬುದು ಅಪ್ಪನ ತಕರಾರು. ಈ ಸಲ ಅದೇ ಹಾಡನ್ನು ಒಂದೇ ದಿನ ಐದು ಬಾರಿ ಕೇಳಿದೆ. ಶರೀಫರ ಮಾಳಿಗೆ ಬಯಲುಸೀಮೆಯ ಮಣ್ಣಿನ ಮಾಳಿಗೆ. ನಮ್ಮದು ಇಳಿಜಾರಿನ ಹಂಚಿನ ಮಾಡು. ಆದರೂ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಆಳು ಸಿಗದೆ, ಜಗಲಿಯ ಮೂಲೆಯಲ್ಲಿ ತಪ್ಪಲೆ ಇಟ್ಟು, ಅದಕ್ಕೆ ಹನಿ ಬೀಳುವ ಸದ್ದಿನ ಜೊತೆಗೇ ‘ಮುರುಕು ತೊಲೆಯು ಹುಳುಕು ಜಂತಿ’ ಎಂಬ ಸಾಲನ್ನು ಕೇಳಿದವರಿಗೆ ಆ ಸೀಮೆ ಈ ಸೀಮೆ ಎಂಬ ಭೇದ ಉಳಿಯುವುದಿಲ್ಲ. ‘ಮೇಲಕೇರಿ ಮೆಟ್ಟಲಾರೆ’ ಎನ್ನುವಾಗಿನ ದನಿಯಲ್ಲಿ ಉಪದೇಶವಿಲ್ಲ. ಕತ್ತಲಲ್ಲಿ ಕೈಲಾಗದೆ ನಿಂತವನ ಸಂಕಟವಿದೆ. ಮೈಸೂರು ಸೀಮೆಯ ಗಾಯಕರು ‘ಮನಿ’, ‘ಮಾಳಿಗಿ’ ಎಂಬ ಉತ್ತರದ ಉಚ್ಚಾರವನ್ನು ತಿದ್ದದೆ ಉಳಿಸಿಕೊಂಡದ್ದು ನನಗೆ ಬಹಳ ಹಿಡಿಸಿತು.

ಹಿಂದಿ ಹಾಡುಗಳಲ್ಲಿ ‘ಮೈಸೂರ್ ಸೆ ಆಯೀ’ ಇಂದಿಗೂ ಲವಲವಿಕೆಯಿಂದಿದೆ. ಬದುಕನ್ನು ಇನ್ನೊಮ್ಮೆ ಕೊಡು ಎಂದು ದೇವರನ್ನು ಬೇಡುವ ‘ಹೇ ಭಗವಾನ್’ ಹದಿನಾರರಲ್ಲಿ ಬರೀ ಜೋರು ಹಾಡಾಗಿತ್ತು. ಮೂವತ್ತು ದಾಟಿದ ಮೇಲೆ ಆ ಬೇಡಿಕೆಯ ಅರ್ಥವೇ ಬೇರೆ. ನನಗೆ ನಿಜಕ್ಕೂ ನೋವಾದದ್ದು ಇಂಗ್ಲಿಷಿನ ‘ನೋ ಮ್ಯಾನ್ ವಿಲ್ ಎವರ್ ಲವ್ ಯೂ ಲೈಕ್ ಐ ಡೂ’ ಕೇಳಿದಾಗ. ಅದರ ಸಾಲುಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನೀಲಿ ಇಂಕಿನಲ್ಲಿ ಬರೆದಿಟ್ಟುಕೊಂಡಿದ್ದವನು ನಾನು. ರಾಗ ಈಗಲೂ ಮೆದುವಾಗಿ ಹಿಡಿದುಕೊಳ್ಳುತ್ತದೆ, ಆದರೆ ಮಾತು ತೆಳುವಾಗಿದೆ. ಶರೀಫರ ಪದಗಳ ಪಕ್ಕದಲ್ಲಿ ಅದು ನಿಲ್ಲಲಾರದು.

ಹಳೆಯ ಸಿ.ಡಿ. ಗೀರು ಬಿದ್ದು ಅಲ್ಲಲ್ಲಿ ತಡವರಿಸುವುದರಿಂದ ಈ ಸಲ ಮೊಬೈಲಿನಲ್ಲಿ ಕೇಳಿದೆ. ಮೊದಲ ಬಾರಿಗೆ ಕೇಳುವವರು ಅಶ್ವಥ್ ಹಾಡಿರುವ ‘ಸೋರುತಿಹುದು’ವನ್ನು ಕೇಳಿ, ಅದು ಕಿವಿಯಲ್ಲಿರುವಾಗಲೇ ಇದನ್ನು ಹಾಕಿಕೊಳ್ಳಬೇಕು. ನಾನು ಹಾಗೆ ಮಾಡಿದ ದಿನ ಅಪ್ಪ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಕೆಲಸ ಬಿಟ್ಟು ಬಂದು ಎರಡನ್ನೂ ಪೂರ್ತಿ ಕೇಳಿದರು. ಅಶ್ವಥ್ ಅವರದೇ ಮೇಲು ಎಂದರು. ಆಮೇಲೆ, ಎರಡನೆಯದನ್ನು ಇನ್ನೊಂದು ಸಲ ಹಾಕಲು ಹೇಳಿದರು.