ಸ್ಪೋಕ್ ಮಾಡಿಸುವ ಮುನ್ನ ಮರ ತೂಗಿ ನೋಡಿ

ಏಪ್ರಿಲ್‌ನಲ್ಲಿ ಆನಗೋಡು ದಾಟಿ ಸರ್ವಿಸ್ ರಸ್ತೆಗೆ ಹೊರಳುವಾಗ ನನ್ನ 1924ರ ಫೋರ್ಡ್ ಮಾಡೆಲ್ ಟಿಯ ಹಿಂದಿನ ಗಾಲಿ ಮಡಚಿಕೊಂಡು ಬಿತ್ತು. ವೇಗ ಇಪ್ಪತ್ತೂ ಇರಲಿಲ್ಲ, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಹಳೇ ಕಾರಿಗೆ ಮರದ ಸ್ಪೋಕ್ ಮಾಡಿಸುವ ಯೋಚನೆ ಇದ್ದವರು ಇದನ್ನು ಓದಿ.

ಹಿಂದಿನ ಎರಡು ಗಾಲಿಗೆ ಗಾಲಿಗೆ 12ರಂತೆ 24 ಸ್ಪೋಕ್ ಬೇಕಿತ್ತು. ಅಮೆರಿಕದಲ್ಲಿ ಇವನ್ನು ಹಿಕರಿ ಮರದಲ್ಲಿ ಮಾಡುತ್ತಿದ್ದರು. ಆ ಮರ ನಮ್ಮಲ್ಲಿ ಸಿಗುವುದಿಲ್ಲ. ಎತ್ತಿನ ಗಾಡಿಗೆ ಬಳಸುವ ಕರಿಜಾಲಿ ಆಗಬಹುದೆಂದು ದಾವಣಗೆರೆಯ ಒಂದು ಮರಗೆಲಸದ ಅಂಗಡಿಗೆ ಕೊಟ್ಟೆ. ಬಾಗಿಲು, ಮಂಟಪಗಳ ಕೆತ್ತನೆಗೆ ಒಳ್ಳೆಯ ಹೆಸರಿದ್ದ ಅಂಗಡಿ. 36 ಸಾವಿರಕ್ಕೆ ಮಾತಾಯಿತು. ಅಳತೆಗೆ ಅಂತ ಹಳೇ ಸ್ಪೋಕ್ ಒಂದನ್ನು ಬಿಚ್ಚಿ ಕೊಟ್ಟು ಬಂದೆ. ಮೊದಲ ತಪ್ಪು ನನ್ನದೇ.

ಈ ಗಾಲಿಯಲ್ಲಿ ಸ್ಪೋಕಿನ ಬುಡಗಳು ಒಬ್ಬಟ್ಟನ್ನು ಹನ್ನೆರಡು ಪಾಲು ಮಾಡಿದಂತೆ ಗಾಲಿಯ ನಡುವಿನ ಗುಂಬದ ಸುತ್ತ ಒಂದಕ್ಕೊಂದು ಒತ್ತಿ ಕೂತಿರುತ್ತವೆ. ಒಂದೊಂದಕ್ಕೆ 30 ಡಿಗ್ರಿ. ಗಾಲಿಯ ಬಲವೆಲ್ಲ ಆ ಒತ್ತಡದಲ್ಲೇ ಇದೆ, ಬೋಲ್ಟಿನಲ್ಲಲ್ಲ. ನೂರು ವರ್ಷ ಒಣಗಿ, ಉಜ್ಜಿ ಸವೆದ ಸ್ಪೋಕನ್ನು ಮಾದರಿ ಇಟ್ಟುಕೊಂಡರೆ ಅದರ ಸವೆತವೂ ಹೊಸದಕ್ಕೆ ಬರುತ್ತದೆ. ಒಂದರಲ್ಲಿ ಕಾಲು ಮಿಲಿಮೀಟರ್ ಕಮ್ಮಿಯಾದರೂ ಹನ್ನೆರಡು ಸೇರಿದಾಗ 3 ಮಿಲಿಮೀಟರ್ ಸಂದು. ಸರಿಯಾಗಿ ಮಾಡಿದ ಸ್ಪೋಕುಗಳನ್ನು ಜೋಡಿಸಿದರೆ ಅವು ಮೊದಲು ಚಪ್ಪಟೆ ಕೂರುವುದೇ ಇಲ್ಲ. ಕವುಚಿಟ್ಟ ಬುಟ್ಟಿಯಂತೆ ನಡುವೆ ಉಬ್ಬಿ ನಿಲ್ಲುತ್ತವೆ, ಪ್ರೆಸ್ಸಿಗೆ ಹಾಕಿ ಅದುಮಿದ ಮೇಲೇ ಇಳಿಯುವುದು. ನನ್ನವು ಕೈಯಲ್ಲೇ ಕೂತವು. "ನೋಡಿ ಸರ್, ಬೆಣ್ಣೆ ಥರ ಕೂತ್ವು" ಅಂದರು ಅಂಗಡಿಯವರು. ನಾನೂ ಖುಷಿಯಾಗಿ ಅವರ ಹುಡುಗರಿಗೆಲ್ಲ ಬೆಣ್ಣೆದೋಸೆ ಕೊಡಿಸಿದೆ!

ಅದು ಆಗಸ್ಟ್, ಮಳೆಗಾಲ. ಮಾರ್ಚ್ ಬಿಸಿಲು ಏರುತ್ತಿದ್ದಂತೆ ಗಾಲಿ ಕಿರ್ ಕಿರ್ ಅನ್ನಲು ಶುರುವಾಯಿತು. ಬುಡಗಳ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು. ಫೋನ್ ಮಾಡಿದರೆ, "ಒಂದು ರಾತ್ರಿ ನೀರಲ್ಲಿ ನೆನೆಸಿ ಸರ್, ಬಿಗಿಯಾಗ್ತದೆ" ಅಂದರು. ನೆನೆಸಿದೆ. ಬಿಗಿಯೂ ಆಯಿತು, ಒಂದು ವಾರ. ನೆಂದ ಮರ ಉಬ್ಬಲು ಜಾಗ ಇಲ್ಲದೆ ತನ್ನ ನಾರನ್ನು ತಾನೇ ಜಜ್ಜಿಕೊಳ್ಳುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಣ್ಣದಾಗುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ಈ ಕಾರಿನಲ್ಲಿ ಹಿಂದಿನ ಗಾಲಿಗೆ ಎಂಜಿನ್ನಿನ ಎಳೆತವೂ ಬ್ರೇಕಿನ ತಡೆತವೂ ಸ್ಪೋಕಿನ ಮೂಲಕವೇ ಹೋಗಬೇಕು. ಹ್ಯಾಂಡ್‌ಬ್ರೇಕಿನ ಡ್ರಮ್ಮನ್ನು ಸ್ಪೋಕಿಗೇ ಬೋಲ್ಟ್ ಮಾಡಿರುತ್ತಾರೆ. ಸಡಿಲ ಗಾಲಿ ನೇರ ರಸ್ತೆಯಲ್ಲಿ ಹೇಗೋ ಓಡುತ್ತದೆ, ತಿರುವಿನಲ್ಲಿ ಅಡ್ಡ ಒತ್ತಡ ಬಿದ್ದಾಗ ಕೈ ಬಿಡುತ್ತದೆ.

ಮುರಿದ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಚಳ್ಳಕೆರೆ ಕಡೆ ಹಳ್ಳಿಯ ಒಬ್ಬ ಹಿರಿಯ ಬಡಗಿಯ ಹತ್ತಿರ ಹೋದೆ. ಒಂದು ಕಾಲದಲ್ಲಿ ಗಾಡಿ ಗಾಲಿ ಮಾಡುತ್ತಿದ್ದವರು. ತುಂಡು ತಿರುಗಿಸಿ ನೋಡಿ, "ಇದನ್ನ ಹಲಗೆಯಿಂದ ಕೊಯ್ದವ್ರೆ ಕಣಪ್ಪ. ಎಳೆ ನೋಡು, ಅರ್ಧಕ್ಕೇ ಪಕ್ಕಕ್ಕೆ ಹೋಗೈತೆ" ಅಂದರು. ನಿಜ. ಮುರಿದದ್ದು ಅಡ್ಡಕ್ಕಲ್ಲ, ಎಳೆ ಜಾರಿದ ಕಡೆ ಓರೆಯಾಗಿ. ಅವರ ಕಾಲದಲ್ಲಿ ಜಾಲಿಯನ್ನು ಗರಗಸದಿಂದ ಕೊಯ್ಯುತ್ತಿರಲಿಲ್ಲವಂತೆ. ಬೆಣೆ ಹೊಡೆದು ಸೀಳುತ್ತಿದ್ದರಂತೆ. ಸೀಳು ಎಳೆಯ ದಾರಿಯಲ್ಲೇ ಹೋಗುವುದರಿಂದ ಬುಡದಿಂದ ತುದಿತನಕ ಒಂದೇ ನಾರು ಸಿಗುತ್ತದೆ. ಎರಡು ತುಂಡಿನ ಅಂಚಿನಲ್ಲಿ ಕೆಚ್ಚೇ, ಅಂದರೆ ಮರದ ಒಳಗಿನ ಗಟ್ಟಿ ಭಾಗವೇ ಇರಲಿಲ್ಲ, ಬಿಳಿ ಭಾಗ. ಅದಕ್ಕೆ ಹುಳ ಬೇರೆ ಹಿಡಿದಿತ್ತು. ಇದನ್ನೆಲ್ಲ ಮುಚ್ಚಿದ್ದು ಕನ್ನಡಿಯಂಥ ಪಾಲಿಶ್.

ಹಾಗಾಗಿ ಪಾಲಿಶ್ ಹೊಡೆಯುವ ಮುಂಚೆಯೇ ಹೋಗಿ ನೋಡಿ. ಪಕ್ಕದಲ್ಲಿ ಕಾಣುವ ಎಳೆಯ ಗೆರೆ ಬುಡದಿಂದ ಹೊರಟು ತುದಿ ಮುಟ್ಟದ ಸ್ಪೋಕ್ ವಾಪಸ್ ಕೊಡಿ. ಮರ ಒಣಗಿದೆ ಅಂತ ಬಾಯಲ್ಲಿ ಹೇಳಿದರೆ ನಂಬಬೇಡಿ. ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅನ್ನುವುದು ರೂಢಿಯ ಲೆಕ್ಕ. ತೇವಾಂಶದ ಮೀಟರ್ ಇಲ್ಲದಿದ್ದರೆ ಒಂದು ತುಂಡು ಮನೆಗೆ ತಂದು ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಬೇಸಿಗೆಯಲ್ಲಿ ಒಂದು ವಾರ ಬಿಟ್ಟು ಮತ್ತೆ ತೂಗಿ. ತೂಕ ಇಳಿದಿದ್ದರೆ ನೀರು ಇನ್ನೂ ಒಳಗಿದೆ. ಈಗಾಗಲೇ ಮರದ ಗಾಲಿ ಹಾಕಿ ಓಡಿಸುತ್ತಿರುವವರು ಜಾಕ್ ಕೊಟ್ಟು ಎತ್ತಿ, ಗಾಲಿಯ ಮೇಲೂ ಕೆಳಗೂ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಟಕ್ ಅಂದರೆ ಆ ಕಾರು ಹೊರಗೆ ತೆಗೆಯಬೇಡಿ.

ಕಾರು ಈಗ ಇಟ್ಟಿಗೆ ಮೇಲೆ ನಿಂತಿದೆ. ಆ ಅಜ್ಜ ಸೀಳಿಸಿ ಕೊಟ್ಟ ಜಾಲಿ ಹಿತ್ತಲ ಚಪ್ಪರದಡಿ ಒಣಗುತ್ತಿದೆ, ಇನ್ನೆರಡು ಬೇಸಿಗೆ ಮುಟ್ಟಬೇಡ ಅಂದಿದ್ದಾರೆ. ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂತ ಅಂಗಡಿಗೆ ಹೋಗಿದ್ದೆ. "ನೀರಲ್ಲಿ ನೆನೆಸಿದ್ದು ನೀವೇ ಅಲ್ವಾ ಸರ್?" ಅಂದರು.