ಫ್ಯಾಮಿಲಿಸರ್ಚ್: ಗಂಡನ ಮನೆತನದ ಜರ್ಮನ್ ಊರು ಹುಡುಕಲು ವರ್ಷಗಟ್ಟಲೆ ಬಳಸಿದ ಮೇಲೆ

ಜರ್ಮನಿಯಿಂದ ಅಮೆರಿಕಕ್ಕೆ ಬಂದ ಕುಟುಂಬದ ಹಿಂದಿನವರನ್ನು ಹುಡುಕಬೇಕು ಅಂತಿದ್ದರೆ ಫ್ಯಾಮಿಲಿಸರ್ಚ್ ಅನ್ನುವ, ಹಳೆಯ ದಾಖಲೆಗಳಲ್ಲಿ ಪೂರ್ವಜರನ್ನು ಹುಡುಕುವ ವೆಬ್‌ಸೈಟಿನಿಂದಲೇ ಶುರು ಮಾಡಿ. ಪೂರ್ತಿ ಉಚಿತ. ಆದರೆ ಅಲ್ಲಿರುವ ವಂಶವೃಕ್ಷವನ್ನು ನಂಬಿ ಕೂರಬೇಡಿ. ಅದರೊಳಗಿರುವ ಹಳೆಯ ಪುಸ್ತಕಗಳ ಪುಟಗಳನ್ನು ನೀವೇ ತೆರೆದು ಓದಿ. ಇಷ್ಟು ವರ್ಷ ಬಳಸಿದ ಮೇಲೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು.

ನಾನು ಹುಡುಕುತ್ತಿರುವುದು ನನ್ನ ಗಂಡನ ಮನೆತನವನ್ನು. ಇವರದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾರಥಾನ್ ಕೌಂಟಿ. ಕಾಡು ಕಡಿದು ಹೊಲ ಮಾಡಿ, ಆಮೇಲೆ ಹಸು ಕಟ್ಟಿ ಹಾಲು ಮಾರಿ ಬದುಕಿದ ಲುಥೆರನ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ರೈತರು. ಮಾವನವರನ್ನು ಕೇಳಿದರೆ ‘ನಮ್ಮ ಮುತ್ತಜ್ಜ ಪ್ರಶ್ಯಾದಿಂದ ಬಂದರಂತೆ’ ಅನ್ನುತ್ತಿದ್ದರು, ಅಷ್ಟೇ. ಆಗಿನ ಪ್ರಶ್ಯಾ ಅಂದರೆ ಜರ್ಮನಿಯ ಅತಿ ದೊಡ್ಡ ರಾಜ್ಯ, ಅದು ರೈನ್ ನದಿಯ ಆಚೆಯಿಂದ ಇವತ್ತಿನ ಲಿಥುವೇನಿಯಾದವರೆಗೆ ಹರಡಿತ್ತು! ಊರು ಗೊತ್ತಿಲ್ಲದೆ ಆ ಕಡೆ ಏನೂ ಹುಡುಕಲು ಆಗುವುದಿಲ್ಲ. ಪ್ರಶ್ಯಾದಲ್ಲಿ ಸರ್ಕಾರವೇ ಜನನ ಮರಣ ಬರೆದುಕೊಳ್ಳಲು ಶುರು ಮಾಡಿದ್ದು 1874ರ ಅಕ್ಟೋಬರ್‌ನಿಂದ, ಇಡೀ ಜರ್ಮನಿಯಲ್ಲಿ 1876ರಿಂದ. (ರೈನ್ ನದಿಯ ಪಶ್ಚಿಮಕ್ಕೆ ಫ್ರೆಂಚರ ಕಾಲದಲ್ಲೇ ಬಂದಿತ್ತು.) ಅದಕ್ಕಿಂತ ಹಿಂದಿನದು ಬೇಕಾದರೆ ಆಯಾ ಊರಿನ ಚರ್ಚಿನ ಪುಸ್ತಕವೇ ಗತಿ.

ಅಮೆರಿಕದ ದಾಖಲೆಗಳಲ್ಲಿ ಈ ಊರಿನ ಹೆಸರು ಸಿಗುವುದು ಅಪರೂಪ. 1900ರ ಜನಗಣತಿಯಲ್ಲಿ ವಲಸೆ ಬಂದ ವರ್ಷ ಇರುತ್ತದೆ, ನಮ್ಮವರಿಗೆ 1881. ಹುಟ್ಟಿದ ಜಾಗದ ಕಾಲಂನಲ್ಲಿ ‘ಜರ್ಮನಿ’ ಅಂತ ಮಾತ್ರ. 1890ರ ಜನಗಣತಿ ಹೆಚ್ಚೂಕಡಿಮೆ ಪೂರ್ತಿ ಹೋಯಿತು, 1921ರಲ್ಲಿ ಬೆಂಕಿ ಬಿದ್ದ ಮೇಲೆ. ಇನ್ನು ಹಡಗಿನ ಪಟ್ಟಿ. ಹ್ಯಾಂಬರ್ಗ್‌ನಿಂದ ಹೊರಟವರ ಪಟ್ಟಿಗಳು 1850ರಿಂದ 1934ರವರೆಗೆ ಉಳಿದಿವೆ, ಅದರಲ್ಲಿ ಬಿಟ್ಟು ಬಂದ ಊರೂ ಇರುತ್ತದೆ. ಬ್ರೆಮೆನ್‌ನವರು ಜಾಗ ಇಲ್ಲ ಅಂತ ಹಳೆಯ ಪಟ್ಟಿಗಳನ್ನೆಲ್ಲ ನಾಶ ಮಾಡಿಬಿಟ್ಟರು. ನಮ್ಮವರು ಹತ್ತಿದ್ದು ಬ್ರೆಮೆನ್‌ನಲ್ಲಿ. ಇಳಿದದ್ದು ನ್ಯೂಯಾರ್ಕಿನಲ್ಲಿ ಆಗ ವಲಸೆಗಾರರನ್ನು ಇಳಿಸಿಕೊಳ್ಳುತ್ತಿದ್ದ ಕ್ಯಾಸಲ್ ಗಾರ್ಡನ್‌ನಲ್ಲಿ, ಅದರ ನಂತರದ ವಲಸೆ ಕೇಂದ್ರ ಎಲ್ಲಿಸ್ ಐಲ್ಯಾಂಡ್ ತೆರೆದದ್ದೇ 1892ರಲ್ಲಿ. ಎಲ್ಲಿಸ್ ಐಲ್ಯಾಂಡಿನ ಗುಮಾಸ್ತರು ವಲಸೆಗಾರರ ಹೆಸರು ಬದಲಾಯಿಸಿದರು ಅನ್ನುವ ಕತೆ ಪ್ರತಿ ಮನೆಯಲ್ಲೂ ಇದೆ, ಅದು ನಿಜವಲ್ಲ. ಅವರು ಹಡಗಿನಿಂದ ಬಂದ ಪಟ್ಟಿಯನ್ನೇ ಮುಂದಿಟ್ಟುಕೊಂಡು ಕೆಲಸ ಮಾಡುತ್ತಿದ್ದರು.

ಕೊನೆಗೆ ಊರು ಸಿಕ್ಕಿದ್ದು ಯಾವ ವೆಬ್‌ಸೈಟಿನಲ್ಲೂ ಅಲ್ಲ, ಇಲ್ಲಿಯ ಹಳ್ಳಿ ಚರ್ಚಿನಲ್ಲಿ. ಅಲ್ಲಿ ಶವಸಂಸ್ಕಾರದ ಹಳೆಯ ಪುಸ್ತಕವನ್ನು ಜರ್ಮನ್‌ನಲ್ಲೇ ಬರೆದಿದ್ದಾರೆ, ಸತ್ತವರು ಹುಟ್ಟಿದ ಊರಿನ ಸಮೇತ. ಜರ್ಮನ್ ವಲಸೆಗಾರರ ವಿಷಯದಲ್ಲಿ ನನ್ನ ದೊಡ್ಡ ಸಲಹೆ ಇದು: ಸರ್ಕಾರದ ಕಾಗದಕ್ಕಿಂತ ಪಾದ್ರಿಯ ಪುಸ್ತಕದಲ್ಲಿ ವಿವರ ಜಾಸ್ತಿ. ಜನಗಣತಿಯವನಿಗೆ ದೇಶದ ಹೆಸರು ಸಾಕಿತ್ತು. ಪಾದ್ರಿ ಬಹಳ ಸಲ ಅದೇ ಕಡೆಯಿಂದ ಬಂದವನು, ಅವನಿಗೆ ಆ ಹಳ್ಳಿಗಳು ಗೊತ್ತಿದ್ದವು.

ಹಳ್ಳಿ ಇದ್ದದ್ದು ಪ್ರಶ್ಯಾದ ಪೊಮೆರೇನಿಯಾ ಪ್ರಾಂತ್ಯದ ರೇಗನ್‌ವಾಲ್ಡ ಜಿಲ್ಲೆಯಲ್ಲಿ. ರೇಗನ್‌ವಾಲ್ಡ ಈಗ ಪೋಲೆಂಡಿನ ರೆಸ್ಕೊ. 1945ರ ಮೇಲೆ ಆ ನೆಲ ಪೋಲೆಂಡಿಗೆ ಹೋಯಿತು, ಅಲ್ಲಿದ್ದ ಜರ್ಮನ್ನರನ್ನು ಹೊರಗೆ ಕಳಿಸಿದರು, ಊರುಗಳ ಹೆಸರೂ ಬದಲಾದವು. ಹಾಗಾಗಿ ಇವತ್ತಿನ ಜರ್ಮನಿಯ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇದಕ್ಕೆ ಮೆಯರ್ಸ್ ಗೆಜೆಟಿಯರ್ ಅಂತ ಒಂದು ಉಚಿತ ತಾಣ ಇದೆ, 1912ರ ಹಳೆಯ ಗೆಜೆಟಿಯರನ್ನೇ (ಊರುಗಳ ವಿವರದ ಪುಸ್ತಕ) ಆನ್‌ಲೈನ್ ಮಾಡಿದ್ದಾರೆ. ಹಳ್ಳಿಯ ಹೆಸರು ಹಾಕಿದರೆ ಯಾವ ಜಿಲ್ಲೆ, ಹತ್ತಿರದ ಚರ್ಚು ಯಾವುದು ಅಂತ ತಿಳಿಯುತ್ತದೆ. ಅದನ್ನು ಹಿಡಿದುಕೊಂಡು ಫ್ಯಾಮಿಲಿಸರ್ಚ್‌ಗೆ ವಾಪಸ್ ಬನ್ನಿ. ಹೆಸರು ಹಾಕಿ ಹುಡುಕುವ ಪುಟಕ್ಕೆ ಹೋಗಬೇಡಿ, ಕ್ಯಾಟಲಾಗ್‌ನಲ್ಲಿ ಊರಿನ ಹೆಸರು ಹಾಕಿ. ಫ್ಯಾಮಿಲಿಸರ್ಚ್‌ನ ನಿಜವಾದ ಆಸ್ತಿ ಇರುವುದು ಅಲ್ಲಿ.

ಈ ತಾಣ ನಡೆಸುವುದು ಯೂಟಾದ ಮಾರ್ಮನ್ ಚರ್ಚು. ಪೂರ್ವಜರನ್ನು ಹುಡುಕುವುದು ಅವರಿಗೆ ಧರ್ಮದ ಕೆಲಸ, ಅದಕ್ಕೇ 1938ರಿಂದಲೂ ದೇಶ ದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತಾ ಬಂದರು. ಸುಮಾರು 24 ಲಕ್ಷ ಸುರುಳಿ. ಅದೆಲ್ಲವನ್ನೂ ಡಿಜಿಟಲ್ ಮಾಡುವ ಕೆಲಸ 2021ರಲ್ಲಿ ಮುಗಿಯಿತು. ಇದರಲ್ಲಿ ಹೆಸರಿನಿಂದ ಹುಡುಕಲು ಬರುವುದು ಸ್ವಲ್ಪ ಭಾಗ ಮಾತ್ರ. ಉಳಿದದ್ದನ್ನು ಒಂದೊಂದೇ ಪುಟ ತಿರುಗಿಸಿ ಓದಬೇಕು. ಕೆಲವು ಚಿತ್ರಗಳ ಮೇಲೆ ಕ್ಯಾಮೆರಾ ಜೊತೆ ಕೀಲಿಯ ಗುರುತು ಇರುತ್ತದೆ, ಅವು ಮನೆಯಲ್ಲಿ ತೆರೆಯುವುದಿಲ್ಲ, ಅವರ ಕೇಂದ್ರಕ್ಕೋ ಅವರ ಜೊತೆ ಸೇರಿರುವ ಲೈಬ್ರರಿಗೋ ಹೋಗಿ ನೋಡಬೇಕು.

ಓದುವುದು ಕಷ್ಟ, ಸುಳ್ಳು ಹೇಳುವುದಿಲ್ಲ. ಕುರೆಂಟ್ ಅನ್ನುವ ಹಳೆಯ ಜರ್ಮನ್ ಕೈಬರಹ ಇವತ್ತಿನ ಜರ್ಮನ್ನರಲ್ಲೇ ಹೆಚ್ಚಿನವರಿಗೆ ಓದಲು ಬರುವುದಿಲ್ಲ. ‘ಇ’ ಅಕ್ಷರ ‘ಎನ್’ ಥರ ಕಾಣುತ್ತದೆ, ‘ಯು’ ತಲೆಯ ಮೇಲೆ ಒಂದು ಕೊಂಡಿ. ಫ್ಯಾಮಿಲಿಸರ್ಚ್‌ನ ವಿಕಿಯಲ್ಲಿ ಇದಕ್ಕೆ ಒಳ್ಳೆಯ ಪಾಠಗಳಿವೆ. ಮೊದಲು ನಿಮಗೆ ಬೇಕಾದ ಮನೆತನದ ಹೆಸರನ್ನು ಆ ಲಿಪಿಯಲ್ಲಿ ಕೈಯಾರೆ ಬರೆದು ರೂಢಿ ಮಾಡಿಕೊಳ್ಳಿ, ಆಮೇಲೆ ಕಣ್ಣು ತಾನಾಗಿ ಹಿಡಿಯುತ್ತದೆ. ಪಾದ್ರಿ ಬರೆಯುವುದು ಹೆಚ್ಚೂಕಡಿಮೆ ಇವೇ ವಿವರಗಳನ್ನು: ಮಗುವಿನ ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ಅಪ್ಪನ ಕಸುಬು, ತಾಯಿಯ ತವರಿನ ಹೆಸರು, ಸಾಕ್ಷಿ ನಿಂತವರು. ಸಾಕ್ಷಿಗಳನ್ನು ಬಿಡಬೇಡಿ, ಬಹಳ ಸಲ ಅವರೇ ಸೋದರಮಾವ, ಚಿಕ್ಕಮ್ಮ ಆಗಿರುತ್ತಾರೆ. ಇನ್ನೊಂದು ವಿಷಯ, ಮಕ್ಕಳಿಗೆ ಎರಡು ಮೂರು ಹೆಸರು ಇಡುತ್ತಿದ್ದರು, ಕರೆಯುತ್ತಿದ್ದದ್ದು ಹಲವು ಸಲ ಕೊನೆಯದ್ದನ್ನು. ಪುಸ್ತಕದಲ್ಲಿ ಯೋಹಾನ್ ಫ್ರೀಡ್ರಿಶ್ ವಿಲ್ಹೆಲ್ಮ್ ಆಗಿದ್ದವನು ಅಮೆರಿಕದಲ್ಲಿ ಬರೀ ವಿಲಿಯಂ ಆಗಿರಬಹುದು.

1900ರ ಜನಗಣತಿಯಲ್ಲಿ ತಾಯಂದಿರಿಗೆ ಎರಡು ಪ್ರಶ್ನೆ ಕೇಳಿದ್ದರು: ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು. ಮಾವನವರ ಮುತ್ತಜ್ಜಿಯ ಸಾಲಿನಲ್ಲಿ 9 ಮತ್ತು 6 ಅಂತ ಇದೆ. ಆ ಮೂರು ಮಕ್ಕಳ ಸುದ್ದಿ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇಬ್ಬರು ಇಲ್ಲಿಯ ಚರ್ಚಿನ ಪುಸ್ತಕದಲ್ಲಿ ಸಿಕ್ಕರು. ಮೂರನೆಯವಳು ಪೊಮೆರೇನಿಯಾದ ಪುಸ್ತಕದಲ್ಲಿ, ಎರಡು ವರ್ಷದ ಮಗು, ಇವರು ಹಡಗು ಹತ್ತುವ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಾಳೆ. ಅಪ್ಪನ ಕಸುಬು ದಿನಗೂಲಿ. ಅಲ್ಲಿ ದೊಡ್ಡ ದೊಡ್ಡ ಜಮೀನುದಾರರ ಎಸ್ಟೇಟುಗಳು, ಕೂಲಿಯವನಿಗೆ ಸ್ವಂತ ನೆಲ ಅನ್ನುವುದು ಆಗದ ಮಾತು. ಮರುವರ್ಷ, 1882ರಲ್ಲಿ, ಸುಮಾರು ಎರಡೂವರೆ ಲಕ್ಷ ಜರ್ಮನ್ನರು ಅಮೆರಿಕದಲ್ಲಿ ಬಂದಿಳಿದರು. ಆ ಸಂಖ್ಯೆಯನ್ನು ಮೊದಲೂ ಓದಿದ್ದೆ. ಈ ಮಗುವಿನ ಸಾಲು ಓದಿದ ಮೇಲೆ ಅದು ಬೇರೆಯದೇ ಅನಿಸಿತು. ಮಾವನವರಿಗೆ ಫೋನ್ ಮಾಡಿ ಹೇಳಿದೆ. ಅವರು ಹೆಸರನ್ನು ಇನ್ನೊಂದು ಸಲ ಹೇಳು ಅಂದರು, ಬರೆದುಕೊಂಡರು.

ಮನೆಯಲ್ಲಿ ಇದೆಲ್ಲ ಮರೆತುಹೋದದ್ದಕ್ಕೂ ಕಾರಣ ಇದೆ ಅಂತ ನನಗೆ ಅನಿಸುತ್ತದೆ. 1889ರಲ್ಲಿ ವಿಸ್ಕಾನ್ಸಿನ್ ಸರ್ಕಾರ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಪಾಠ ಆಗಬೇಕು ಅಂತ ಬೆನೆಟ್ ಕಾಯ್ದೆ ತಂದಾಗ ಜರ್ಮನ್ನರು ಎದ್ದು ನಿಂತರು, 1891ರಲ್ಲಿ ಅದನ್ನು ರದ್ದು ಮಾಡಿಸಿದರು. ಅಷ್ಟು ಗಟ್ಟಿಯಿದ್ದ ಜನ 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕೆ ಇಳಿದಾಗ ಬೀದಿಯಲ್ಲಿ ಜರ್ಮನ್ ಮಾತಾಡಲು ಹೆದರುವಂತಾಯಿತು. ಮಕ್ಕಳಿಗೆ ಭಾಷೆ ಹೇಳಿಕೊಡುವುದು ನಿಂತಿತು, ಭಾಷೆಯ ಜೊತೆ ಊರಿನ ಮಾತೂ ನಿಂತಿತು. ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈಗ ವಂಶವೃಕ್ಷದ ವಿಷಯ. ಫ್ಯಾಮಿಲಿಸರ್ಚ್‌ನಲ್ಲಿ ಇಡೀ ಪ್ರಪಂಚಕ್ಕೆ ಒಂದೇ ಮರ, ಯಾರು ಬೇಕಾದರೂ ತಿದ್ದಬಹುದು. ಒಂದೇ ಹೆಸರಿನ ಇಬ್ಬರನ್ನು ಗೊತ್ತಿಲ್ಲದವರು ಒಬ್ಬನೇ ಅಂತ ಸೇರಿಸಿಬಿಡಬಹುದು. ಪೊಮೆರೇನಿಯಾದಂಥ ಕಡೆ, ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಹಲವರು ಇರುವಾಗ, ಇದು ಸುಲಭವಾಗಿ ಆಗುತ್ತದೆ. ತಿದ್ದಿದ್ದರ ಇತಿಹಾಸ ಇರುತ್ತದೆ, ವಾಪಸ್ ಮಾಡಬಹುದು. ಆದರೂ ನಿಮ್ಮ ಪೂರ್ತಿ ಮರ ನಿಮ್ಮ ಕಂಪ್ಯೂಟರಿನಲ್ಲಿ ಬೇರೆ ಇರಲಿ, ಪ್ರತಿ ಹೆಸರಿಗೂ ಪುಟದ ಚಿತ್ರ ಜೊತೆಗಿರಲಿ.

ಹಣ ಕಟ್ಟುವ ತಾಣಗಳನ್ನೂ ಬಳಸಿದ್ದೇನೆ. ಒಂದರಲ್ಲಿ ನಿಲ್ಲಿಸಿ ಅಂದ ಮೇಲೂ ವರ್ಷದ ಹಣ ಕಾರ್ಡಿನಿಂದ ಹೋಯಿತು, ವಾಪಸ್ ಪಡೆಯಲು ಸಾಕಷ್ಟು ಓಡಾಡಿಸಿದರು. ಅಲ್ಲಿ ತಾನಾಗಿ ಬರುವ ಸುಳಿವುಗಳೂ ಇನ್ನೊಬ್ಬರ ಮರದಿಂದ ನಕಲಾದ ತಪ್ಪುಗಳೇ ಜಾಸ್ತಿ. ಪ್ರೊಟೆಸ್ಟೆಂಟ್ ಕುಟುಂಬವಾದರೆ ಪ್ರೊಟೆಸ್ಟೆಂಟ್ ಚರ್ಚುಗಳ ಪುಸ್ತಕಗಳ ತಾಣವಾದ ಆರ್ಕಿಯಾನ್‌ಗೆ ಒಂದು ತಿಂಗಳ ಹಣ ಕಟ್ಟುವುದು ಸಾರ್ಥಕ, ಆದರೆ ಊರು ಗೊತ್ತಾದ ಮೇಲೆ ಮಾತ್ರ. ಕ್ಯಾಥೊಲಿಕ್ ಆದರೆ ಅಂಥದ್ದೇ ಮಾಟ್ರಿಕ್ಯುಲಾ ತಾಣ ಇದೆ, ಅದು ಉಚಿತ.

2024ರಲ್ಲಿ ಫ್ಯಾಮಿಲಿಸರ್ಚ್‌ನಲ್ಲಿ ಕೈಬರಹದ ದಾಖಲೆಗಳೊಳಗಿನ ಮಾತುಗಳನ್ನೇ ಹುಡುಕುವ ಸೌಲಭ್ಯ ಬಂದಿದೆ. ಅಮೆರಿಕದ ಜಮೀನು ಪತ್ರ, ಉಯಿಲುಗಳಿಗೆ ಇದು ತುಂಬಾ ಉಪಯೋಗ. ಯಾರದೋ ಕ್ರಯಪತ್ರಕ್ಕೆ ಸಾಕ್ಷಿ ಹಾಕಿದವರ ಹೆಸರೂ ಸಿಗುತ್ತದೆ. ಅಂದಹಾಗೆ ಹರಿದ್ವಾರದ ಪಂಡಾಗಳು ಬರೆದಿಟ್ಟ ಯಾತ್ರಿಕರ ಪುಸ್ತಕಗಳ ಚಿತ್ರಗಳೂ ಇದೇ ತಾಣದಲ್ಲಿವೆ, ಆಸಕ್ತಿ ಇದ್ದವರು ನೋಡಿ.

ಪೊಮೆರೇನಿಯಾದ ನಮ್ಮ ಹಳ್ಳಿಯ ಚರ್ಚಿನ ಪುಸ್ತಕಗಳಲ್ಲಿ ಕೆಲವು ಸಂಪುಟಗಳೇ ಉಳಿದಿಲ್ಲ. 1874ರ ನಂತರದ ಸರ್ಕಾರಿ ನೋಂದಣಿ ಪುಸ್ತಕಗಳನ್ನು ಈಗ ಪೋಲೆಂಡಿನ ಸರ್ಕಾರಿ ದಾಖಲೆಗಳ ‘ಶುಕೈ ವ್ ಅರ್ಖಿವಾಖ್’ ತಾಣದಲ್ಲಿ ನೋಡುತ್ತಿದ್ದೇನೆ. ಅದೂ ಉಚಿತವೇ. ಮುತ್ತಜ್ಜನ ಒಬ್ಬ ತಮ್ಮ ಊರಲ್ಲೇ ಉಳಿದಿದ್ದ, ಅವನ ಮಕ್ಕಳು ಏನಾದರು ಅಂತ ಹುಡುಕಬೇಕಿದೆ. ಆ ಜಿಲ್ಲೆಯ ಪುಸ್ತಕಗಳನ್ನು ನೋಡಿದವರು ಯಾರಾದರೂ ಇದ್ದರೆ ಯಾವ ವರ್ಷದವು ಸಿಗುತ್ತವೆ ಅಂತ ದಯವಿಟ್ಟು ತಿಳಿಸಿ.