ವೈದ್ಯರಲ್ಲದವರಿಂದ ದೀರ್ಘಕಾಲದ ಚಿಕಿತ್ಸೆ: ಒಬ್ಬ ರೋಗಿಯ ವಿಮರ್ಶೆ

ಅಧಿಕ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಾಗಿ ನಾನು ಹಲವು ವರ್ಷಗಳಿಂದ ಒಂದು ಪ್ರಾಥಮಿಕ ಚಿಕಿತ್ಸಾ ಕೇಂದ್ರದಲ್ಲಿ ನರ್ಸ್ ಪ್ರಾಕ್ಟೀಷನರ್ ಒಬ್ಬರ ಬಳಿ ಚಿಕಿತ್ಸೆ ಪಡೆಯುತ್ತಿದ್ದೇನೆ. ಅವರು ಶುಶ್ರೂಷೆಯಲ್ಲಿ ಪದವಿ ಪಡೆದ ಮೇಲೆ ರೋಗಿಯ ಪರೀಕ್ಷೆ, ರೋಗನಿರ್ಣಯ ಮತ್ತು ಔಷಧ ಬರೆಯುವುದರಲ್ಲಿ ಉನ್ನತ ತರಬೇತಿ ಪಡೆದವರೇ ಹೊರತು ವೈದ್ಯರಲ್ಲ. 1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಈ ತರಬೇತಿಯನ್ನು ಆರಂಭಿಸಿದರು. ಅದೇ ವರ್ಷ ಆ ದೇಶದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ವೈದ್ಯರೊಡನೆ ಕೆಲಸ ಮಾಡುತ್ತ ಚಿಕಿತ್ಸೆ ನೀಡುವ ಫಿಸಿಷಿಯನ್ ಅಸಿಸ್ಟೆಂಟ್‌ ಎಂಬವರ ಶಿಕ್ಷಣವೂ ಶುರುವಾಯಿತು. ಆದ್ದರಿಂದ ಇದನ್ನು ನಿನ್ನೆ ಮೊನ್ನೆಯ ಪ್ರಯೋಗವೆಂದು ತಳ್ಳಿಹಾಕುವಂತಿಲ್ಲ.

ನನಗೆ ಈ ಸೇವೆ ಮೆಚ್ಚುಗೆಯಾಗಿದ್ದು ಮಾತಿನ ನಯಕ್ಕಿಂತ ಕೆಲಸದ ಕ್ರಮದಿಂದ. ರಕ್ತದೊತ್ತಡ ನೋಡುವ ಮೊದಲು ಅವರು ನನ್ನನ್ನು ಐದು ನಿಮಿಷ ಸುಮ್ಮನೆ ಕೂರಿಸುತ್ತಾರೆ. ಬೆನ್ನಿಗೆ ಆಸರೆ, ಪಾದಗಳು ನೆಲದ ಮೇಲೆ, ತೋಳು ಹೃದಯದ ಮಟ್ಟದಲ್ಲಿ, ಅಳೆಯುವಾಗ ಮಾತಿಲ್ಲ. ನಿಯಮ ಪುಸ್ತಕದಲ್ಲಿ ಇರುವುದೂ ಇದೇ, ಆದರೆ ಅವಸರದ ಕೋಣೆಗಳಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ತಿಳಿಯಲು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮಾಡುವ ಪರೀಕ್ಷೆಯನ್ನು ಅವರು ಎಂದೂ ಮುಂದೂಡಿಲ್ಲ. ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ ನನ್ನ ಉತ್ತರ ಮುಗಿಯುವವರೆಗೆ ಕಾಯುತ್ತಾರೆ. ಹಾಗೆ ಕಾದದ್ದರಿಂದಲೇ ನನ್ನ ಒಣಕೆಮ್ಮಿನ ವಿಷಯ ಹೊರಬಂತು. ರಕ್ತದೊತ್ತಡಕ್ಕೆ ನಾನು ತೆಗೆದುಕೊಳ್ಳುತ್ತಿದ್ದ ಎನಲಾಪ್ರಿಲ್ ಗುಂಪಿನ ಔಷಧಗಳು ಕೆಲವರಲ್ಲಿ ಇಂಥ ಕೆಮ್ಮನ್ನು ತರುತ್ತವೆ ಎಂದು ವಿವರಿಸಿ, ವೈದ್ಯರೊಡನೆ ಮಾತನಾಡಿ, ಅದನ್ನು ರಕ್ತದೊತ್ತಡದ ಇನ್ನೊಂದು ಔಷಧವಾದ ಲೊಸಾರ್ಟಾನ್‌ಗೆ ಬದಲಿಸಿದರು. ಬಳಿಕ ಮೂತ್ರಪಿಂಡದ ಸ್ಥಿತಿ ಮತ್ತು ರಕ್ತದ ಪೊಟ್ಯಾಸಿಯಂ ತಿಳಿಯಲು ರಕ್ತಪರೀಕ್ಷೆಗೆ ದಿನವನ್ನೂ ಗೊತ್ತುಮಾಡಿದರು. ಕೆಮ್ಮು ಕೆಲವು ವಾರಗಳಲ್ಲಿ ಪೂರ್ತಿ ನಿಂತಿತು.

ಇಂಥ ಸಮಾಧಾನ ನನ್ನೊಬ್ಬನದೇ ಅಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪರಾಮರ್ಶೆಯೊಂದರ ಪ್ರಕಾರ, ಪ್ರಾಥಮಿಕ ಚಿಕಿತ್ಸೆಯಲ್ಲಿ ನರ್ಸ್ ಪ್ರಾಕ್ಟೀಷನರ್ ಬಳಿ ಹೋದ ರೋಗಿಗಳು ವೈದ್ಯರ ಬಳಿ ಹೋದವರಿಗಿಂತ ಹೆಚ್ಚು ತೃಪ್ತರಾಗಿದ್ದರು, ಆರೋಗ್ಯದ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ಪರಾಮರ್ಶೆ, ನರ್ಸ್ ಪ್ರಾಕ್ಟೀಷನರ್ ಜೊತೆಗಿನ ಭೇಟಿಗಳು ದೀರ್ಘವಾಗಿದ್ದವು ಮತ್ತು ಅವರು ಹೆಚ್ಚು ಪರೀಕ್ಷೆಗಳನ್ನು ಬರೆಯುತ್ತಿದ್ದರು ಎಂದೂ ಹೇಳುತ್ತದೆ. ಈ ಸೇವೆಯನ್ನು ಹೊಗಳುವವರು ಈ ಎರಡನೆಯ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ರೋಗಿಗೆ ಸಿಗುವ ಸಮಯವೇ ತೃಪ್ತಿಯ ಬಹುಪಾಲು ಎಂದಾದರೆ, ಆಡಳಿತದವರು ಭೇಟಿಗಳನ್ನು ಮೊಟಕುಗೊಳಿಸಿದ ದಿನ ಆ ತೃಪ್ತಿಯೂ ಕುಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ತೃಪ್ತಿ ಬೇರೆ, ಚಿಕಿತ್ಸೆಯ ಸರಿತನ ಬೇರೆ. ಸೌಜನ್ಯದಿಂದ ಕೇಳಿಸಿಕೊಂಡವರು ರೋಗವನ್ನು ಸರಿಯಾಗಿ ಗುರುತಿಸಿದ್ದಾರೆಯೇ ಎಂಬುದನ್ನು ರೋಗಿಯಾದ ನಾನು ನೇರವಾಗಿ ತೀರ್ಮಾನಿಸಲಾರೆ. ನಾನು ಗಮನಿಸಬಲ್ಲದ್ದು ಒಂದೇ: ತಮ್ಮ ಮಿತಿ ಎಲ್ಲಿ ಎಂಬುದು ಅವರಿಗೆ ಗೊತ್ತೇ, ಅಲ್ಲಿಗೆ ತಲುಪಿದಾಗ ತಡಮಾಡದೆ ವೈದ್ಯರ ಬಳಿ ಕಳಿಸುತ್ತಾರೆಯೇ? ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ ಎಂದು ನಾನು ಹೇಳಿದ ದಿನ ಅವರು ತಕ್ಷಣ ಇಸಿಜಿ ಮಾಡಿಸಿ, ಪಕ್ಕದ ಕೋಣೆಯ ವೈದ್ಯರನ್ನು ಕರೆತಂದು, ಹೃದ್ರೋಗ ತಜ್ಞರ ಭೇಟಿ ನಿಗದಿಯಾಗುವವರೆಗೆ ನನ್ನನ್ನು ಮನೆಗೆ ಕಳಿಸಲಿಲ್ಲ. ಇಷ್ಟು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಭರವಸೆ ತಂದದ್ದು ಆ ದಿನದ ನಡವಳಿಕೆ.

ದೂರುಗಳೂ ಇವೆ. ಮೊದಲ ಭೇಟಿ ಗೊತ್ತುಮಾಡುವಾಗ ಸ್ವಾಗತ ವಿಭಾಗದವರು, ನನ್ನನ್ನು ನೋಡುವವರು ವೈದ್ಯರಲ್ಲ ಎಂದು ತಿಳಿಸಲೇ ಇಲ್ಲ. ಕೋಣೆಯೊಳಗೆ ಅವರೇ ತಮ್ಮ ಹುದ್ದೆಯನ್ನು ಹೇಳಿಕೊಂಡರು. ಯಾರ ಕೈಯಲ್ಲಿ ಚಿಕಿತ್ಸೆ ಪಡೆಯುತ್ತೇನೆ ಎಂಬುದು ಒಳಗೆ ಹೋಗುವ ಮೊದಲೇ ತಿಳಿಯಬೇಕಾದದ್ದು ರೋಗಿಯ ಹಕ್ಕು, ಈ ವಿಷಯದಲ್ಲಿ ನಾನು ಯಾವ ವಿನಾಯಿತಿಯನ್ನೂ ಒಪ್ಪುವುದಿಲ್ಲ. ಇನ್ನು, ಕೆಲವು ಔಷಧಗಳಿಗೆ ವೈದ್ಯರ ಸಹಿ ಬೇಕಾದಾಗ, ಅವರು ರಜೆಯಲ್ಲಿದ್ದರೆ ಚೀಟಿ ದಿನಗಟ್ಟಲೆ ಕಾಯುತ್ತದೆ. ಇದಕ್ಕೆ ಕೇಂದ್ರದ ವ್ಯವಸ್ಥೆಯೇ ಹೊಣೆ.

ರೋಗ ಈಗಾಗಲೇ ಗುರುತಾಗಿ, ನಿಯಮಿತ ತಪಾಸಣೆ ಮತ್ತು ಔಷಧದ ಸಣ್ಣಪುಟ್ಟ ಹೊಂದಾಣಿಕೆ ಬೇಕಾಗಿರುವವರಿಗೆ, ವೈದ್ಯರು ಅದೇ ಕಟ್ಟಡದಲ್ಲಿ ಲಭ್ಯವಿದ್ದರೆ, ಈ ಸೇವೆಯನ್ನು ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಕಾರಣ ತಿಳಿಯದ ಹೊಸ ಲಕ್ಷಣಗಳಿರುವವರು, ಹೃದಯ ಮತ್ತು ಮೂತ್ರಪಿಂಡಗಳೆರಡೂ ದುರ್ಬಲವಾಗಿರುವವರು ಮೊದಲು ವೈದ್ಯರನ್ನೇ ಕಾಣುವುದು ಒಳ್ಳೆಯದು. ನನ್ನ ತಂದೆಯವರ ಹೃದಯ ವೈಫಲ್ಯದ ಚಿಕಿತ್ಸೆಯನ್ನು ತಜ್ಞ ವೈದ್ಯರೇ ನಿರ್ಧರಿಸುತ್ತಾರೆ. ಪ್ರತಿದಿನದ ತೂಕದ ದಾಖಲೆಯನ್ನು ಪರಿಶೀಲಿಸಿ, ದೇಹದಲ್ಲಿ ನೀರು ತುಂಬಿಕೊಳ್ಳುವ ಸೂಚನೆ ಕಂಡ ಕೂಡಲೇ ಆ ವೈದ್ಯರಿಗೆ ತಿಳಿಸುವ ಕೆಲಸವನ್ನು ಇದೇ ನರ್ಸ್ ಪ್ರಾಕ್ಟೀಷನರ್ ನೋಡಿಕೊಳ್ಳುತ್ತಿದ್ದಾರೆ.